ಗಂಡಿನ ಎಂಟ್ರಿಗೆ ಅಪ್ಪಯ್ಯನ ಸ್ವರ

ಕುಂದಾಪುರ ಬಸ್ ಸ್ಟ್ಯಾಂಡಿನ ಹಿಂದೆ, ಮಹಡಿಯ ಮೇಲಿನ ಒಂದು ಸ್ಟುಡಿಯೊದಲ್ಲಿ ನಾನು ಮದುವೆ ವಿಡಿಯೊ ಎಡಿಟ್ ಮಾಡುವವಳು. ಕ್ಯಾಮೆರಾ ಹಿಡಿಯುವವರು ಬೇರೆ, ಡ್ರೋನ್ ಹಾರಿಸುವವರು ಬೇರೆ. ಅವರು ತಂದು ಸುರಿದದ್ದನ್ನು ಕತ್ತರಿಸಿ, ಜೋಡಿಸಿ, ಅದಕ್ಕೆ ಸಂಗೀತ ಹಾಕುವುದು ನನ್ನ ಪಾಲಿನ ಕೆಲಸ. ಆ ಸಂಗೀತವೇನೂ ನಮ್ಮದಲ್ಲ, ಸಿನಿಮಾದವರದ್ದು. ಹೆಣ್ಣು ಮಂಟಪಕ್ಕೆ ಬರುವಾಗ ಒಂದು ಸಿನಿಮಾದ ಕೊಳಲು, ಧಾರೆಯ ಹೊತ್ತಿಗೆ ಇನ್ನೊಂದರ ಪಿಟೀಲು, ಹೆಣ್ಣು ಒಪ್ಪಿಸುವಾಗ ಯಾವುದೋ ಧಾರಾವಾಹಿಯ ಗೋಳಿನ ಶಹನಾಯಿ. ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ; ಈ ಕಸುಬಿನಲ್ಲಿ ಕೇಳುವ ಪದ್ಧತಿಯೇ ಇಲ್ಲ. ಯಾವ ಸಿನಿಮಾದ ಯಾವ ತುಂಡು ಯಾರ ಮದುವೆಗೆ ಒಪ್ಪುತ್ತದೆ ಅನ್ನುವುದು ಮಾತ್ರ ನನಗೆ ಬಾಯಿಪಾಠ.

ಒಂದು ದಿನ ಬಾರ್ಕೂರಿನ ಕಡೆಯ ಗಂಡಿನ ಮನೆಯವರು ಬಂದರು. ಮುಂಬೈಯಲ್ಲಿ ಹೋಟೆಲು ಇರುವ ಜನ, ಮದುವೆ ಬ್ರಹ್ಮಾವರದ ಹಾಲ್‌ನಲ್ಲಿ ಆಗಿತ್ತು. ಗಂಡಿನ ಅಕ್ಕ ನನ್ನ ಪಕ್ಕದಲ್ಲೇ ಕುರ್ಚಿ ಎಳೆದು ಕೂತಳು.

“ಮದ್ಮಗ ಕಾರಿಂದ ಇಳ್ದ್ ಬಪ್ಪತಿಗೆ ಆ ಪಿಚ್ಚರಿನ ಬಿಜಿಎಂ ಹಾಕಿ ಕಾಣಿ. ಹೀರೊ ಕಡಲಿಂದ ಎದ್ದ್ ಬತ್ತನಲೆ, ಅದ್. ಮೈ ಜುಂ ಅನ್ಕ್.”

ಯಾವುದು ಎಂದು ಕೇಳುವ ಅಗತ್ಯವೇ ಇರಲಿಲ್ಲ. ಆ ವರ್ಷ ಎಲ್ಲರೂ ಕೇಳುತ್ತಿದ್ದದ್ದು ಅದನ್ನೇ. ಮೊದಲು ದೂರದಿಂದ ಒಂದು ಗಂಡಸಿನ ಕೂಗು, ಅದರ ಹಿಂದೆ ನಗಾರಿ, ಆಮೇಲೆ ನೂರು ಪಿಟೀಲು ಒಟ್ಟಿಗೆ ಏರುವುದು. ನಾನು ಆ ಕೂಗನ್ನು ತಂದು ಗಂಡಿನ ಶೂ ನೆಲಕ್ಕೆ ತಾಗುವ ಹೊತ್ತಿಗೆ ಸರಿಯಾಗಿ ಕೂರಿಸಿದೆ. ಅಕ್ಕ ಚಪ್ಪಾಳೆ ತಟ್ಟಿದಳು. ನನಗೆ ಬಾಯಿ ತಡೆಯಲಿಲ್ಲ.

“ಇದ್ ನಮ್ಮ್ ಅಪ್ಪಯ್ಯನ ಸ್ವರ” ಅಂದೆ.

ಅವಳು ನನ್ನನ್ನು ಒಮ್ಮೆ ನೋಡಿ, ತಮಾಷೆಗೆ ಹೇಳಿದೆ ಅಂದುಕೊಂಡು ನಕ್ಕಳು. “ನೀವ್ ಬಾರೀ ಕುಶಾಲ್ ಮಾಡ್ತ್ರಿ ಮರಾಯ್ರೆ” ಅಂದಳು. ಮುಂದಿನ ದೃಶ್ಯಕ್ಕೆ ಹೋಗಿ ಅಂತ ಪರದೆಗೆ ಬೆರಳು ತೋರಿಸಿದಳು. ನಾನು ಮುಂದಿನ ದೃಶ್ಯಕ್ಕೆ ಹೋದೆ.

ನಮ್ಮ ಮನೆ ಬೈಂದೂರಿನ ಕಡೆ, ಕಡಲಿಗೆ ತಾಗಿದ ಊರಿನಲ್ಲಿ. ಅಪ್ಪಯ್ಯ ಕೈರಂಪಣಿಯವರು. ಕೈರಂಪಣಿ ಎಂದರೆ ದಡದಿಂದಲೇ ಎಳೆಯುವ ಬಲೆ. ದೋಣಿಯಲ್ಲಿ ಹೋಗಿ ಬಲೆಯನ್ನು ಅರ್ಧ ಸುತ್ತು ಬಿಟ್ಟು ಬರುತ್ತಾರೆ, ಅದರ ಎರಡು ತುದಿಯ ಹಗ್ಗ ಹಿಡಿದು ಮರಳಿನ ಮೇಲೆ ಎರಡು ಸಾಲಾಗಿ ನಿಂತು ಎಳೆಯುತ್ತಾರೆ. ಎಲ್ಲರ ಕೈಯೂ ಒಂದೇ ಹೊತ್ತಿಗೆ ಎಳೆಯಬೇಕಲ್ಲ, ಅದಕ್ಕೆ ಒಬ್ಬ ಕೂಗು ಕೊಡಬೇಕು. ನಮ್ಮ ತಂಡದಲ್ಲಿ ಕೂಗು ಕೊಡುತ್ತಿದ್ದವರು ಅಪ್ಪಯ್ಯ. ಅವರು ಒಂದು ಸಾಲು ಎಸೆದರೆ ಉಳಿದವರೆಲ್ಲ “ಐಸಾ” ಎಂದು ಹಗ್ಗಕ್ಕೆ ಬೀಳುತ್ತಿದ್ದರು. ಅದೇನು ಮಂತ್ರವಲ್ಲ, ಕೀರ್ತನೆಯಲ್ಲ. ಅವತ್ತು ಯಾರು ಸಿಕ್ಕಿದರೋ ಅವರ ಕಾಲೆಳೆಯುವುದು, ಅಷ್ಟೆ. ತಡವಾಗಿ ಬಂದವನಿಗೊಂದು, ಹೊಸದಾಗಿ ಮದುವೆಯಾದವನಿಗೊಂದು. “ನಿನ್ನೆ ಅತ್ತಿ ಮನಿ ಕೋಳಿ ತಿಂದವ್ನೇ, ಇವತ್ತ್ ಹಗ್ಗ ಹಿಡಿಯೋ” ಎಂದು ಇವರು ಕೂಗಿದರೆ ಆ ಅಳಿಯನೂ ನಗುತ್ತ “ಐಸಾ” ಅನ್ನುತ್ತಿದ್ದ. ಅಪ್ಪಯ್ಯನ ಸ್ವರ ಗಾಳಿ ಎದುರಿದ್ದರೂ ಆ ತುದಿಯ ಹಗ್ಗದವರಿಗೆ ಕೇಳುತ್ತಿತ್ತು. ಮನೆಯಲ್ಲಿ ಉಪ್ಪು ಕೇಳಿದರೂ ಬೀದಿಗೆ ಕೇಳುತ್ತದೆ ಎಂದು ಅಮ್ಮ ಬೈಯುತ್ತಿದ್ದರು.

ಮಳೆಗಾಲ ಮುಗಿದು ಕಡಲು ತಣ್ಣಗಾದ ಒಂದು ಬೆಳಿಗ್ಗೆ ಸಿನಿಮಾದ ಸಂಗೀತದವರು ಬಂದರು. ನಮ್ಮ ತೀರದಲ್ಲೇ ಶೂಟಿಂಗ್ ಆಗುತ್ತಿದ್ದ ಸಿನಿಮಾ ಅದು. ಉದ್ದ ಕೋಲಿನ ತುದಿಗೆ ಕಪ್ಪು ರೋಮದ ಮೈಕು ಸಿಕ್ಕಿಸಿಕೊಂಡು ಅಪ್ಪಯ್ಯನ ಬಾಯಿಗೆ ಹಿಡಿದರು. “ನೀವು ಮಾಮೂಲಾಗಿ ಮಾಡಿ ಸರ್, ನಾವಿಲ್ಲಿ ಇಲ್ಲ ಅಂದ್ಕೊಳ್ಳಿ” ಅಂದರು. ಅಪ್ಪಯ್ಯನಿಗೆ ಅದೇ ದೊಡ್ಡ ತಮಾಷೆಯಾಯಿತು. ಅವರು ಇಲ್ಲ ಅಂದುಕೊಳ್ಳುವುದು ಬಿಟ್ಟು, ಅವರ ಮೇಲೆಯೇ ಎರಡು ಸಾಲು ಕಟ್ಟಿ ಕೂಗಿದರು. ಬಲೆ ಎಳೆಯುವವರು ನಕ್ಕು ನಕ್ಕು ಹಗ್ಗ ಸಡಿಲ ಬಿಟ್ಟರು. ಅವತ್ತು ನನಗೆ ರಜೆ. ನನ್ನ ಫೋನಿನಲ್ಲಿ ನಾನೂ ಒಂದಷ್ಟು ಹೊತ್ತು ಹಿಡಿದೆ. ಸಂಗೀತದವರು ಎಲ್ಲರಿಗೂ ಚಾ ಕುಡಿಸಿ, ಅಪ್ಪಯ್ಯನ ಕೈ ಕುಲುಕಿ, ಸಿನಿಮಾದಲ್ಲಿ ಹೆಸರು ಹಾಕುತ್ತೇವೆ ಎಂದು ಹೇಳಿ ಹೋದರು. ಹೆಸರು ಹಾಕಿ ಎಂದು ಇವರು ಕೇಳಿರಲಿಲ್ಲ, ಅವರೇ ಹೇಳಿದ್ದು. ನನ್ನ ಹೊಟ್ಟೆ ಉರಿಯುವುದು ಅದಕ್ಕೇ.

ಮರುವರ್ಷ ಅಪ್ಪಯ್ಯನಿಗೆ ಗಂಟಲು ಹಿಡಿಯಿತು. ಶೀತ ಎಂದರು, ಕಷಾಯ ಕುಡಿದರು, ಕೊನೆಗೆ ಮಣಿಪಾಲಕ್ಕೆ ಹೋದಾಗ ಡಾಕ್ಟರು ಗಂಟಲಿನಲ್ಲಿ ಗಡ್ಡೆ ಎಂದರು. ಆಪರೇಷನ್ ಆಯಿತು, ಜೀವ ಉಳಿಯಿತು, ಸ್ವರ ಹೋಯಿತು. ಈಗ ಮಾತಾಡಿದರೆ ಗಾಳಿ ಬರುತ್ತದೆ, ಸ್ವರ ಬರುವುದಿಲ್ಲ. ಹತ್ತಿರ ಕೂತು ತುಟಿ ನೋಡಿದರೆ ತಿಳಿಯುತ್ತದೆ. ಅದರ ಹಿಂದೆಯೇ ಬಲೆಯೂ ನಿಂತಿತು. ಕೂಗುವವರಿಲ್ಲ ಎಂದಲ್ಲ, ಎಳೆಯುವವರೇ ಉಳಿಯಲಿಲ್ಲ. ಕೆಲವರು ದೊಡ್ಡ ಬೋಟಿಗೆ ಹೋದರು, ಕೆಲವರು ಮುಂಬೈಯ ಹೋಟೆಲಿಗೆ, ಒಂದಿಬ್ಬರು ಮಣ್ಣಿಗೆ.

ಸಿನಿಮಾ ಬಂದದ್ದು ಅಪ್ಪಯ್ಯ ಆಸ್ಪತ್ರೆಯಲ್ಲಿದ್ದಾಗ. ನಾನೊಬ್ಬಳೇ ಕುಂದಾಪುರದಲ್ಲಿ ನೋಡಿದೆ. ಹೀರೊ ಕಡಲಿನಿಂದ ಏಳುವಾಗ ಕತ್ತಲಲ್ಲಿ ಆ ಸ್ವರ ಬಂತು. ಅಪ್ಪಯ್ಯನದ್ದೇ. ಎಳೆದು ಉದ್ದ ಮಾಡಿದ್ದರು, ಗುಹೆಯೊಳಗಿನಿಂದ ಬಂದಂತೆ ಮಾಡಿದ್ದರು, ಮಾತು ಕರಗಿ ಹೋಗಿತ್ತು. ಆದರೂ ಹೆತ್ತ ಅಪ್ಪನ ಸ್ವರ ಗುರುತು ಹತ್ತದೆ ಇರುತ್ತದೆಯೇ? ಥಿಯೇಟರಿನವರೆಲ್ಲ ಎದ್ದು ಶಿಳ್ಳೆ ಹೊಡೆದರು. ನಾನು ಕೂತಲ್ಲೇ ಅತ್ತೆ. ಸಿನಿಮಾ ಮುಗಿದು ಜನ ಹೊರಟ ಮೇಲೂ ಹೆಸರುಗಳು ಮೇಲೇರುವುದನ್ನು ನೋಡುತ್ತ ನಿಂತೆ. ಪಿಟೀಲಿನವರ ಹೆಸರಿತ್ತು, ಊಟ ತಂದವರ ಹೆಸರಿತ್ತು, ಕೊನೆಯಲ್ಲಿ “ಕರಾವಳಿಯ ಸಮಸ್ತ ಜನತೆಗೆ ಧನ್ಯವಾದಗಳು” ಎಂದಿತ್ತು. ಸಮಸ್ತ ಜನತೆಯಲ್ಲಿ ನಮ್ಮ ಅಪ್ಪಯ್ಯನೂ ಒಬ್ಬರು ಎಂದು ಸಮಾಧಾನ ಮಾಡಿಕೊಳ್ಳಬೇಕಿತ್ತು. ನನಗೆ ಅಷ್ಟು ಒಳ್ಳೆಯ ಬುದ್ಧಿ ಇಲ್ಲ.

ಹಿನ್ನೆಲೆ ಸಂಗೀತದ ಅಭಿಮಾನಿಗಳ ಒಂದು ಗುಂಪಿದೆ, ಫೋನಿನಲ್ಲಿ. ಕಸುಬಿಗೆ ಬೇಕಾಗುತ್ತದೆಂದು ನಾನು ಅದನ್ನು ಸೇರಿ ವರ್ಷಗಳಾಗಿದ್ದವು. ಅಲ್ಲಿಯವರಿಗೆ ಹಾಡು ಬೇಡ, ಕತೆ ಬೇಡ. ಹೀರೊ ತಿರುಗಿ ನೋಡುವಾಗ ಕೆಳಗೆ ಯಾವ ವಾದ್ಯ ಗುಂಯ್‌ಗುಟ್ಟಿತು ಅನ್ನುವುದೇ ಬೇಕು. ಎಲ್ಲ ಹೆಡ್‌ಫೋನ್ ಹಾಕಿಕೊಂಡವರು. “ಇಂಟರ್ವಲ್ ಬ್ಲಾಕ್ ಬೆಂಕಿ ಗುರು”, “ಲೂಪ್‌ನಲ್ಲಿ ಕೇಳ್ತಾ ಇದೀನಿ”, “ಈ ಲೇಯರ್ ಯಾರಾದ್ರೂ ಗಮನಿಸಿದ್ರಾ?” ನಿಜ ಹೇಳಬೇಕೆಂದರೆ ನನಗೆ ಆ ಹರಟೆ ಇಷ್ಟವೇ ಆಗಿತ್ತು. ಇಡೀ ದಿನ ನಾನು ಮಾಡುವ ಕೆಲಸವನ್ನು ಇಷ್ಟು ಪ್ರೀತಿಯಿಂದ ಕೇಳುವವರು ಇದ್ದಾರಲ್ಲ ಅನ್ನಿಸುತ್ತಿತ್ತು.

ಆ ಸಿನಿಮಾ ಬಂದ ಮೇಲೆ ಗುಂಪಿಗೆ ಹಬ್ಬವೇ ಆಯಿತು. ಆ ಕೂಗು ಏನು, ಯಾರದ್ದು ಎಂದು ವಾರಗಟ್ಟಲೆ ಚರ್ಚೆ. ಮಂಗೋಲಿಯಾದವರ ಗಂಟಲು ಅಂದ ಒಬ್ಬ. ಆಫ್ರಿಕಾದ ಬುಡಕಟ್ಟಿನವರದ್ದು, ತಾನು ಈ ಮೊದಲೇ ಕೇಳಿದ್ದೇನೆ ಅಂದ ಇನ್ನೊಬ್ಬ. ಇದೆಲ್ಲ ಕಂಪ್ಯೂಟರಿನಲ್ಲಿ ಹುಟ್ಟಿಸಿದ ಸ್ವರ, ಮನುಷ್ಯರಿಗೆ ಇಷ್ಟು ಉದ್ದ ಉಸಿರು ಇರುವುದಿಲ್ಲ ಎಂದು ಮೂರನೆಯವ. ಒಬ್ಬ ಮಹಾಶಯನಂತೂ ಅದಕ್ಕೆ ಅರ್ಥವನ್ನೂ ಬರೆದ. ಅದು ಕಡಲಿನ ದೇವರನ್ನು ಎಬ್ಬಿಸುವ ಪುರಾತನ ಪ್ರಾರ್ಥನೆಯಂತೆ, ಈಗ ಅದು ಬಲ್ಲವರು ಯಾರೂ ಬದುಕಿಲ್ಲವಂತೆ. ಅತ್ತೆ ಮನೆಯ ಕೋಳಿ ತಿಂದ ಅಳಿಯನ ಮೇಲೆ ಅಪ್ಪಯ್ಯ ಅವತ್ತೂ ಕೂಗಿದ ಸಾಲು ಅದು. ಅದರ ಕೆಳಗೆ ಕೈ ಮುಗಿದ ಚಿತ್ರಗಳು ರಾಶಿ ರಾಶಿ.

ನಾನು ಬರೆದೆ: “ಇದು ನನ್ನ ತಂದೆಯ ಸ್ವರ. ಬೈಂದೂರು ಕಡೆಯ ಕೈರಂಪಣಿಯವರು. ರೆಕಾರ್ಡ್ ಮಾಡುವಾಗ ನಾನು ಅಲ್ಲಿದ್ದೆ.”

“ಆ ಪಿಟೀಲು ನಮ್ಮಪ್ಪಂದು ಗುರು” ಎಂದು ಒಬ್ಬ. “ನಗಾರಿ ನಮ್ಮಜ್ಜಿ” ಎಂದು ಇನ್ನೊಬ್ಬ. ಅದರ ಮೇಲೆ ನಗುವ ಮುಖಗಳು. ಸ್ವಲ್ಪ ಸಭ್ಯರು “ಪ್ರೂಫ್ ಇದ್ಯಾ ಬ್ರೋ?” ಎಂದರು. ನಾನು ಹೆಂಗಸು ಎಂದು ಹೇಳಿದ ಮೇಲೂ ಬ್ರೋ ಬಿಡಲಿಲ್ಲ. ಅದೇ ಹೊತ್ತಿಗೆ ಸಂಗೀತ ನಿರ್ದೇಶಕರ ಸಂದರ್ಶನವೊಂದು ಬಂತು. ಆ ಕೂಗು ಎಲ್ಲಿಂದ ಬಂತು ಎಂದು ಕೇಳಿದ್ದಕ್ಕೆ ಅವರು ಕಣ್ಣು ಮುಚ್ಚಿ, ತೀರದಲ್ಲಿ ಎಷ್ಟೋ ದಿನ ಕೂತು ಕಡಲನ್ನು ತಮ್ಮೊಳಗೆ ಇಳಿಸಿಕೊಂಡೆ ಎಂದರು. ಕಡಲು ಅವರೊಳಗೆ ಎಷ್ಟು ಇಳಿಯಿತೋ ಗೊತ್ತಿಲ್ಲ. ಅವತ್ತು ಅವರ ಪ್ಯಾಂಟಿನ ಅಂಚು ಒದ್ದೆಯಾಗಿದ್ದದ್ದನ್ನೂ ನಾನು ಕಂಡಿಲ್ಲ. ಅವರು ಬಂದೇ ಇರಲಿಲ್ಲ, ಕಳಿಸಿದ್ದು ಸಹಾಯಕರನ್ನು.

ಸಿಟ್ಟಿನಲ್ಲಿ ನನ್ನ ಫೋನಿನ ವಿಡಿಯೊವನ್ನು ಇಂಟರ್ನೆಟ್ಟಿಗೆ ಹಾಕಿದೆ. ಅಪ್ಪಯ್ಯ, ಹಗ್ಗ, ಎರಡು ಸಾಲು ಜನ, ಮೈಕು ಹಿಡಿದವರು, ಎಲ್ಲ ಅದರಲ್ಲಿತ್ತು. ಊಟ ಮಾಡಿ ಬರುವಷ್ಟರಲ್ಲಿ ನೋಟಿಸು ಬಂದಿತ್ತು. ಈ ವಿಡಿಯೊದಲ್ಲಿರುವ ಧ್ವನಿಯ ಹಕ್ಕು ಇಂಥ ಸಂಗೀತ ಕಂಪನಿಯದ್ದು, ಆದ್ದರಿಂದ ಧ್ವನಿಯನ್ನು ತೆಗೆಯಲಾಗಿದೆ. ನಾನು ಅದನ್ನು ಓದಿದೆ, ಮತ್ತೆ ಓದಿದೆ. ನಮ್ಮ ಅಪ್ಪಯ್ಯನ ಗಂಟಲನ್ನು ಡಾಕ್ಟರು ಒಮ್ಮೆ ಕೊಯ್ದಿದ್ದರು, ಕಂಪನಿ ಇನ್ನೊಮ್ಮೆ ಕೊಯ್ದಿತು. ಡಾಕ್ಟರಾದರೂ ಮೊದಲು ಕೂರಿಸಿ ಹೇಳಿದ್ದರು.

ಕಂಪನಿಗೆ ಬರೆದೆ; ಯಂತ್ರವೊಂದು ಉತ್ತರ ಕೊಟ್ಟಿತು. ಸಂಗೀತದವರಿಗೆ ಬರೆದೆ, ಹಕ್ಕಿನ ವಿಚಾರ ಕಂಪನಿಯನ್ನೇ ಕೇಳಿ ಎಂದರು. ಹೆಸರು ಹಾಕದಿದ್ದರೆ ಹಾಳಾಗಿ ಹೋಗಲಿ, ಅವತ್ತು ನೀವು ಹಿಡಿದದ್ದನ್ನು ಹಾಗೆಯೇ ನನಗೊಂದು ಪ್ರತಿ ಕೊಡಿ, ಪಿಟೀಲು ನಗಾರಿ ಇಲ್ಲದ್ದು, ನನ್ನ ಫೋನಿನದ್ದರಲ್ಲಿ ಗಾಳಿಯ ಸದ್ದೇ ಜಾಸ್ತಿ, ನಮ್ಮ ಮನೆಯಲ್ಲಿ ಈಗ ಆ ಸ್ವರ ಇಲ್ಲ ಎಂದು ಬರೆದೆ. ಅದಕ್ಕೆ ಯಂತ್ರವೂ ಉತ್ತರ ಕೊಡಲಿಲ್ಲ. ಅಷ್ಟರಲ್ಲಿ ಒಂದು ದಿನ ಮಣಿಪಾಲದ ಬಸ್ಸು ಹತ್ತುವ ನೂಕುನುಗ್ಗಲಿನಲ್ಲಿ ಫೋನು ಕೈ ಜಾರಿ ರಸ್ತೆಗೆ ಬಿತ್ತು, ಹಿಂದಿನ ಚಕ್ರ ಅದರ ಮೇಲೆ ಹೋಯಿತು. ಊರಿನವರ ಮದುವೆಯನ್ನೆಲ್ಲ ಬೇರೆ ಬೇರೆ ಡಿಸ್ಕಿನಲ್ಲಿ ಜೋಪಾನ ಮಾಡುವವಳ ಹತ್ತಿರ ಉಳಿದದ್ದು ಆ ಸದ್ದಿಲ್ಲದ ವಿಡಿಯೊ ಒಂದೇ.

ಇದನ್ನೆಲ್ಲ ಸ್ಟುಡಿಯೊದ ಯಜಮಾನರ ಹತ್ತಿರ ಹೇಳಿಕೊಂಡೆ. ಅವರು ಒಳ್ಳೆಯವರೇ, ಆದರೆ ನಾಲಿಗೆಗೆ ಎಲುಬಿಲ್ಲ.

“ಹೆಣೆ, ನಾವ್ ಮಾಡೂದ್ ಅದನ್ನೇ ಅಲ್ದಾ? ನಾವ್ ಯಾರನ್ನ್ ಕೇಂಡ್ ಹಾಕ್ತ್?”

“ನಾವ್ ಕದ್ದ್ರೂ ಅವ್ರ್ ಬಾಯ್ ಮುಚ್ಚ್ಸೂದಿಲ್ಲ ಅಣ್ಣಾ” ಅಂದೆ. ನಾನು ಹೋಗಿ ಇನ್ನೊಂದು ಮದುವೆಗೆ ಇನ್ನೊಬ್ಬರ ಪಿಟೀಲು ಹಾಕಿದೆ.

ಹೀಗಿರುವಾಗ ಗುಂಪಿನವರಲ್ಲೇ ಒಬ್ಬರಿಂದ ಮೆಸೇಜು ಬಂತು. ಸಿನಿಮಾ ಸಂಗೀತದ ಬಗ್ಗೆ ಚಾನೆಲ್ ನಡೆಸುವವರು, ಗುಂಪಿನಲ್ಲಿ ಅವರು ಹೇಳಿದ್ದೇ ವೇದ. ನನ್ನ ಸದ್ದಿಲ್ಲದ ವಿಡಿಯೊವನ್ನು ಎಲ್ಲೋ ಕಂಡು, ಸಿನಿಮಾದ ಆ ತುಂಡನ್ನು ಅದರ ಮೇಲಿಟ್ಟು ನೋಡಿದರಂತೆ. ಸಿನಿಮಾದಲ್ಲಿ ನಿಧಾನ ಮಾಡಿದ್ದಾರೆಂದು ಊಹಿಸಿ ಗತಿ ಹೆಚ್ಚಿಸಿದಾಗ ಅಪ್ಪಯ್ಯನ ಬಾಯಿ ಸ್ವರಕ್ಕೆ ಸರಿಯಾಗಿ ಕೂಡಿತಂತೆ. ಅಭಿಮಾನಿಗಳ ಹುಚ್ಚು ಅಂದರೆ ಇದು. ಯಾರಿಗೆ ಬೇಕಿತ್ತು ಆ ಶ್ರಮ? ಆ ಮನುಷ್ಯನ ಮೇಲೆ ನನಗೆ ಈಗಲೂ ಗೌರವವಿದೆ. “ಮೇಡಂ, ನಮ್ಮೆಲ್ಲರ ಪರವಾಗಿ ಕ್ಷಮಿಸಿ. ಭಾನುವಾರ ಬೆಳಿಗ್ಗೆ ಲೈವ್ ಮಾಡೋಣ. ತಂದೆಯವರು ಮಾತಾಡಬೇಕಿಲ್ಲ. ಅದು ಕೇಳಿ, ಎದೆ ಮುಟ್ಟಿ ನಾನೇ ಅಂತ ಸನ್ನೆ ಮಾಡಿದರೂ ಸಾಕು. ಮಿಕ್ಕಿದ್ದು ನಾವು ನೋಡ್ಕೋತೀವಿ” ಎಂದು ಬರೆದಿದ್ದರು.

ಆ ಲೈವ್ ಆಗಲಿಲ್ಲ. ಯಾಕೆ ಆಗಲಿಲ್ಲ ಎಂದು ಗುಂಪಿನವರಿಗೆ ನಾನು ಹೇಳಿಲ್ಲ.

ಅಪ್ಪಯ್ಯ ಅಲ್ಲಿಯವರೆಗೆ ಆ ಸಂಗೀತವನ್ನು ಕೂತು ಕೇಳಿರಲಿಲ್ಲ. ಹೆಸರು ಬಂದ ಮೇಲೆಯೇ ಅವರಿಗೆ ಕೇಳಿಸಬೇಕು ಎಂಬ ಹಟ ನನ್ನದು. ರಿಕ್ಷಾದಲ್ಲಿ, ಮೀನಿನ ಮಾರ್ಕೆಟಿನಲ್ಲಿ, ಯಾರದ್ದೋ ಫೋನು ರಿಂಗಾದಾಗ ಅದು ಅವರ ಕಿವಿಗೆ ಬಿದ್ದೇ ಇತ್ತು. ಅವರು ತಲೆ ಎತ್ತಿದ್ದು ನಾನು ಕಂಡಿರಲಿಲ್ಲ. ಸಂಕೋಚ ಅಂದುಕೊಂಡಿದ್ದೆ. ಆ ಭಾನುವಾರ ಅವರು ಜಗಲಿಯಲ್ಲಿ ಗಂಜಿ ಉಂಡು ಕೂತಿದ್ದರು. ನಾನು ಸ್ಟುಡಿಯೊದ ದೊಡ್ಡ ಹೆಡ್‌ಫೋನ್ ತಂದಿದ್ದೆ. ಕಿವಿಗೆ ಹಾಕಿ, ಫೋನು ಒತ್ತಿದೆ. ಅಮ್ಮ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತರು.

ಅಪ್ಪಯ್ಯ ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಆಮೇಲೆ ಹೆಡ್‌ಫೋನ್ ತೆಗೆದು ತೊಡೆಯ ಮೇಲಿಟ್ಟುಕೊಂಡು ತುಟಿ ಆಡಿಸಿದರು.

“ಲಾಯ್ಕ್ ಇತ್ತ್. ಪದ ಯಾರ್ ಹೇಳದ್?”

“ಯಾರಲ್ಲ ಅಪ್ಪಯ್ಯಾ, ನೀವೇ!”

“ಥೋ, ನಾನಲ್ಲ.”

“ನಿಮ್ದೇ ಸ್ವರ. ನಂಗ್ ಗೊತ್ತಿಲ್ಯಾ?” ಎಂದು ಅಮ್ಮ ಬಾಗಿಲಿನಿಂದಲೇ ಜೋರು ಮಾಡಿದರು. ಅವರೂ ಅಷ್ಟರಲ್ಲಿ ನನ್ನ ಫೋನಿನಲ್ಲಿ ಎಷ್ಟೋ ಸಲ ಕೇಳಿದ್ದರು.

ಅಪ್ಪಯ್ಯ ತಲೆ ಅಲ್ಲಾಡಿಸಿದರು. ಗಾಳಿಯಂಥ ಮಾತು, ನಾನು ಬಗ್ಗಿ ಅವರ ಬಾಯಿಯ ಹತ್ತಿರ ಕಿವಿ ಇಟ್ಟೆ.

“ಅದ್ ನಾನ್ ಆರೆ, ಉಳ್ದವ್ರೆಲ್ಲ ಎಲ್ ಹೋರ್? ಒಬ್ನೇ ಯಾರ್ ಮಗಾ ಕೂಗೂದ್? ಹುಚ್ಚ್ ಹಿಡ್ದವ ಕೂಗೂದ್.”

ನಾನು ವಿವರಿಸಲು ಹೋದೆ. ಉಳಿದವರ “ಐಸಾ” ಬರುವ ಜಾಗವನ್ನೆಲ್ಲ ಕತ್ತರಿಸಿದ್ದಾರೆ, ಅಲ್ಲಿ ಪಿಟೀಲು ಹಾಕಿದ್ದಾರೆ, ಒಂಟಿ ಸ್ವರ ಇದ್ದರೆ ಜನರಿಗೆ ಮೈ ಜುಂ ಅನ್ನುತ್ತದೆ, ನಾವೂ ಮದುವೆ ವಿಡಿಯೊದಲ್ಲಿ ಗಲಾಟೆ ತೆಗೆಯುತ್ತೇವೆ, ಕಂಪ್ಯೂಟರಿನಲ್ಲಿ ಅದು ಸುಲಭ ಎಂದೆ. ಹೇಳುತ್ತ ಹೇಳುತ್ತ ನನಗೇ ನಾಚಿಕೆಯಾಯಿತು. ಒಂದು ವರ್ಷ ಆ ಸಂಗೀತಕ್ಕಾಗಿ ಕಂಡಕಂಡವರ ಜೊತೆ ಜಗಳಾಡಿದವಳು ನಾನು. ಅದರಲ್ಲಿ “ಐಸಾ” ಇಲ್ಲ ಅನ್ನುವುದು ನನಗೆ ಮೊದಲ ದಿನವೇ ಗೊತ್ತಾಗಿತ್ತು, ಅದು ಒಂದು ಕೊರತೆ ಅಂತ ನನಗೆ ಅನ್ನಿಸಿಯೇ ಇರಲಿಲ್ಲ.

“ಕಡ್ದ್ ಹಾಕ್ರಾ?” ಅಂದರು ಅಪ್ಪಯ್ಯ. “ಅವ್ರ್ ಎಂತ ಮಾಡಿರ್ ಇವ್ರಿಗೆ?”

ಲೈವ್‌ನ ಹೊತ್ತಾಗುತ್ತಿತ್ತು. ಏನಾದರೂ ಮಾಡಿ ಒಪ್ಪಿಸಬೇಕು ಎಂದು ಆ ಸದ್ದಿಲ್ಲದ ವಿಡಿಯೊ ತೆಗೆದು ಅವರ ಕೈಗೆ ಕೊಟ್ಟೆ. ಅವರು ಫೋನನ್ನು ಹತ್ತಿರಕ್ಕೆ ಹಿಡಿದರು. ಎರಡು ಸಾಲು ಜನ ಹಗ್ಗಕ್ಕೆ ಬೀಳುವುದು, ಏಳುವುದು, ಬಾಯಿ ತೆರೆಯುವುದು, ಮುಚ್ಚುವುದು. ಅಪ್ಪಯ್ಯ ಒಬ್ಬೊಬ್ಬರ ಮುಖದ ಮೇಲೂ ಬೆರಳಿಟ್ಟರು. ಇವ ಈಗ ಬೊಂಬಾಯಿ, ಇವ ಬೋಟಿನಲ್ಲಿ, ಇವ ಹೋದ. ಅಳಿಯನನ್ನು ಕಂಡು ನಕ್ಕರು. ಅಷ್ಟರಲ್ಲಿ “ಮೇಡಂ ರೆಡಿನಾ? ಎಲ್ಲ ಕಾಯ್ತಿದಾರೆ” ಎಂದು ಮೆಸೇಜು ಪರದೆಯ ಮೇಲಿಂದ ಇಳಿಯಿತು. ಅವರು ಅದನ್ನು ನೊಣ ಓಡಿಸಿದಂತೆ ಬೆರಳಿನಿಂದ ಆಚೆ ತಳ್ಳಿದರು.

ಸಾಲಿನ ತುದಿಯಲ್ಲಿ, ಬಾಯಿ ಅಗಲಿಸಿ ಕಡಲ ಕಡೆ ನಿಂತ ತಮ್ಮ ಮುಖಕ್ಕೆ ಬಂದಾಗ ಅವರ ಬೆರಳು ಅಲ್ಲೇ ನಿಂತಿತು.

“ಹ್ಞಾ, ಇದ್ ನಾನ್” ಅಂದರು. ಫೋನನ್ನು ನನ್ನ ಕಡೆ ಹಿಡಿದು, “ಸ್ವರ ಜೋರ್ ಮಾಡ್ ಮಗಾ, ಕೇಂಬ” ಅಂದರು.

ನಾನು ಸ್ವರ ಜೋರು ಮಾಡುವ ಬಟನ್ ಒತ್ತಿದೆ. ಅಪ್ಪಯ್ಯ ಫೋನಿಗೆ ಕಿವಿ ಕೊಟ್ಟು ಕಾಯುತ್ತಿದ್ದರು, ನಾನು ಒತ್ತುತ್ತಲೇ ಇದ್ದೆ.